ನಮ್ಮದೇ ವಿಳಾಸದಿಂದ ನಮಗೇ ಸ್ಪ್ಯಾಮ್ ಬರುತ್ತಿದೆ, ತಡೆಯುವುದು ಹೇಗೆ?

ಪ್ರಶ್ನೆ: ಸರ್, ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಕಂಪ್ಯೂಟರ್ ಸ್ವಲ್ಪ ಗೊತ್ತು ಅಂತ ಮೇಲ್ ಸರ್ವರ್ ಕೂಡ ನನ್ನ ತಲೆಗೇ ಬಂದಿದೆ. ಬಾಡಿಗೆ ಸರ್ವರ್, ಅದರಲ್ಲಿ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸಾಫ್ಟ್‌ವೇರ್, ಸುಮಾರು 35 ಮೇಲ್‌ಬಾಕ್ಸ್. ಎರಡು ತಿಂಗಳಿಂದ ನಮ್ಮದೇ ಡೊಮೈನ್ ವಿಳಾಸಗಳಿಂದ ನಮಗೇ ಸ್ಪ್ಯಾಮ್ ಬರುತ್ತಿದೆ. ಮೊನ್ನೆ ಮಾಲೀಕರ ವಿಳಾಸದಿಂದಲೇ 'ಈ ಖಾತೆಗೆ ಇವತ್ತೇ ಹಣ ಹಾಕಿ' ಎಂದು ನನಗೆ ಮೇಲ್ ಬಂತು. ಅವರು ಎದುರಿನ ಕುರ್ಚಿಯಲ್ಲೇ ಕೂತಿದ್ದರು! ಇದರ ಜೊತೆಗೆ ನಾವು ಕಳಿಸದೇ ಇರುವ ಮೇಲ್‌ಗಳು 'ತಲುಪಲಿಲ್ಲ' ಎಂದು ದಿನಾ ನೂರಾರು ವಾಪಸ್ ಬರುತ್ತಿವೆ. ಎಲ್ಲರ ಪಾಸ್‌ವರ್ಡ್ ಬದಲಾಯಿಸಿದೆ, ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ನಮ್ಮ ಡೊಮೈನನ್ನೇ ಬ್ಲಾಕ್ ಪಟ್ಟಿಗೆ ಹಾಕಿದೆ. ಒಂದೇ ಗಂಟೆಯಲ್ಲಿ ಗೋಡೌನ್‌ನಿಂದ ಫೋನ್, 'ಮೇಲ್ ಹೋಗ್ತಾ ಇಲ್ಲ' ಅಂತ. ನಮ್ಮ ಸರ್ವರ್ ಹ್ಯಾಕ್ ಆಗಿದೆಯಾ? ಒಂದು ಮೇಲಿನ ಪೂರ್ತಿ ಹೆಡರ್ (ಅದು ಯಾರಿಂದ, ಯಾವ ದಾರಿಯಲ್ಲಿ ಬಂತು ಎನ್ನುವ ಸಾಲುಗಳು) ಕೂಡ ಕಳಿಸಿದ್ದೇನೆ.

ಉತ್ತರ: ನೀವು ಕಳಿಸಿದ ಹೆಡರ್ ನೋಡಿದೆ. ಈ ಮೇಲ್ ಮಟ್ಟಿಗೆ ಹೇಳುವುದಾದರೆ ಸರ್ವರ್ ಹ್ಯಾಕ್ ಆಗಿಲ್ಲ. ಯಾರೋ ನಿಮ್ಮ ಹೆಸರು ಹೇಳಿಕೊಂಡು ನಿಮ್ಮ ಬಾಗಿಲಿಗೇ ಬಂದಿದ್ದಾರೆ. ಬಾಗಿಲು ತೆಗೆದವರು 'ಓ, ನಮ್ಮವರೇ' ಅಂತ ಒಳಗೆ ಬಿಟ್ಟಿದ್ದಾರೆ, ಅಷ್ಟೇ. ಪಾಸ್‌ವರ್ಡ್ ಬದಲಾಯಿಸಿದರೂ ಇದು ನಿಲ್ಲದೇ ಇದ್ದದ್ದು ಅದಕ್ಕೇ. ಕದಿಯದೇ ಇರುವ ಕೀಲಿಯನ್ನು ಬದಲಾಯಿಸಿ ಏನು ಬಂತು?

ಆದರೂ ಒಂದು ಸಲ ಖಾತ್ರಿ ಮಾಡಿಕೊಳ್ಳಿ. ಸರ್ವರಿನ ಮೇಲ್ ಲಾಗ್ ತೆಗೆದು 'ಎಸ್‌ಎಎಸ್‌ಎಲ್ ಯೂಸರ್‌ನೇಮ್' (ಇಂಗ್ಲಿಷಿನಲ್ಲಿ, ನಡುವೆ ಅಂಡರ್‌ಸ್ಕೋರ್) ಇರುವ ಸಾಲುಗಳನ್ನು ಹುಡುಕಿ. ಪಾಸ್‌ವರ್ಡ್ ಕೊಟ್ಟು ಒಳಬಂದವರ ಹೆಸರು ಅಲ್ಲಿ ಇರುತ್ತದೆ. ಯಾರಾದರೂ ಒಬ್ಬರ ಹೆಸರಿನಲ್ಲಿ ರಾತ್ರಿ ಎರಡು ಗಂಟೆಗೆ ಸಾವಿರ ಮೇಲ್ ಹೋಗಿದ್ದರೆ ಕಥೆ ಬೇರೆ. ಹಾಗೆಯೇ 'ಮೇಲ್‌ಕ್ಯೂ' (mailq) ಎಂಬ ಕಮಾಂಡ್ ಕೊಟ್ಟು ಹೊರಗೆ ಹೋಗಲು ಕಾದಿರುವ ಮೇಲ್ ಎಷ್ಟಿದೆ ನೋಡಿ. ಹತ್ತಿಪ್ಪತ್ತು ಇದ್ದರೆ ಚಿಂತೆಯಿಲ್ಲ. ಸಾವಿರಗಟ್ಟಲೆ ಇದ್ದರೆ ಈ ಉತ್ತರವನ್ನು ಬದಿಗಿಟ್ಟು ಮೊದಲು ಆ ಒಬ್ಬರ ಅಕೌಂಟ್ ಮುಚ್ಚಿ.

ಈಗ ಆ ಹೆಡರ್. ಮೇಲಿನಿಂದ ಮೊದಲ 'ರಿಸೀವ್ಡ್' ಸಾಲು ಹೀಗಿದೆ (ಐಪಿ, ಅಂದರೆ ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸದ ಅಂಕಿಯನ್ನು ಬದಲಾಯಿಸಿ ಬರೆದಿದ್ದೇನೆ): 'ಫ್ರಂ', ಆಮೇಲೆ ನಿಮ್ಮದೇ ಮೇಲ್ ಸರ್ವರಿನ ಹೆಸರು, ಆಮೇಲೆ ಬ್ರಾಕೆಟ್ಟಿನೊಳಗೆ 'ಅನ್‌ನೋನ್' ಮತ್ತು 203.0.113.45. ಈ ಒಂದು ಸಾಲಿನಲ್ಲೇ ಎಲ್ಲಾ ಇದೆ. ಬ್ರಾಕೆಟ್ಟಿನ ಹೊರಗಿರುವುದು ಬಂದವನು ತನ್ನ ಬಗ್ಗೆ ಹೇಳಿಕೊಂಡ ಹೆಸರು. ಒಳಗಿರುವುದು ನಿಮ್ಮ ಪೋಸ್ಟ್‌ಫಿಕ್ಸ್ ತಾನೇ ಕಂಡುಕೊಂಡದ್ದು. ಬಂದವನು 'ನಾನೇ ನಿಮ್ಮ ಸರ್ವರ್' ಅಂದಿದ್ದಾನೆ. ನಿಮ್ಮ ಸರ್ವರ್ ಅವನ ಐಪಿಗೆ ತಾಳೆಯಾಗುವ ಹೆಸರಿದೆಯಾ ಅಂತ ಹುಡುಕಿದೆ, ಸಿಕ್ಕಿಲ್ಲ, 'ಅನ್‌ನೋನ್' ಅಂತ ಬರೆದುಕೊಂಡಿದೆ. ಬರೆದುಕೊಂಡು, ಮೇಲನ್ನು ಮಾಲೀಕರ ಹೆಸರಿನಲ್ಲೇ ನಿಮ್ಮ ಇನ್‌ಬಾಕ್ಸಿಗೆ ಹಾಕಿದೆ!

ಅದರ ಕೆಳಗೆ ಇನ್ನೂ ಮೂರು 'ರಿಸೀವ್ಡ್' ಸಾಲುಗಳಿವೆ ಅಲ್ವಾ? ಅವುಗಳನ್ನು ನಂಬಬೇಡಿ. ಪ್ರತಿ ಸರ್ವರ್ ತನ್ನ ಸಾಲನ್ನು ಮೇಲುಗಡೆ ಅಂಟಿಸುತ್ತಾ ಹೋಗುತ್ತದೆ. ಹಾಗಾಗಿ ಎಲ್ಲಕ್ಕಿಂತ ಮೇಲಿನದು ನಿಮ್ಮ ಸರ್ವರ್ ಬರೆದದ್ದು. ಅದರ ಕೆಳಗಿನದೆಲ್ಲ ಬಂದವನು ಜೊತೆಗೆ ತಂದದ್ದು. ಸ್ಪ್ಯಾಮ್ ಕಳಿಸುವವರು ಕೆಳಗಿನ ಸಾಲುಗಳಲ್ಲಿ ದೊಡ್ಡ ದೊಡ್ಡ ಕಂಪನಿಗಳ ಸರ್ವರ್ ಹೆಸರು ಬರೆದು ದಾರಿ ತಪ್ಪಿಸುತ್ತಾರೆ. ಅದನ್ನು ನೋಡಿ ಯಾರದೋ ಐಪಿ ಬ್ಲಾಕ್ ಮಾಡಿ ಕೂತವರನ್ನು ನಾನು ಕಂಡಿದ್ದೇನೆ.

ಇಷ್ಟು ಸುಲಭವಾಗಿ ಸುಳ್ಳು ಹೇಳಲು ಹೇಗೆ ಸಾಧ್ಯ ಅಂತ ನಿಮಗೆ ಅನಿಸಿರಬಹುದು. ಮೇಲ್ ಕಳಿಸುವ ಎಸ್‌ಎಂಟಿಪಿ ಪದ್ಧತಿಯನ್ನು ಜಾನ್ ಪೋಸ್ಟೆಲ್ ಬರೆದದ್ದು 1982ರಲ್ಲಿ. ಆಗ ನೆಟ್‌ವರ್ಕಿನಲ್ಲಿ ಇದ್ದವರೇ ಕಡಿಮೆ. ನೀನು ಹೇಳಿದ್ದು ನಿಜವಾ ಅಂತ ಕೇಳುವ ಹಂತವೇ ಅದರಲ್ಲಿ ಇರಲಿಲ್ಲ. ಎರಡು ಸರ್ವರ್‌ಗಳ ಮಾತುಕತೆಯನ್ನು ಕನ್ನಡದಲ್ಲಿ ಬರೆದರೆ ಹೀಗಿರುತ್ತದೆ:

ನಮಸ್ಕಾರ, ನಾನು ಇಂಥ ಸರ್ವರ್. — 250, ಸರಿ.
ಈ ಮೇಲ್ ಕಳಿಸುತ್ತಿರುವವರು ಇಂಥವರು. — 250, ಸರಿ.
ಇಂಥವರಿಗೆ ಕೊಡಬೇಕು. — 250, ಸರಿ.
ಇನ್ನು ಕಾಗದ ಓದುತ್ತೇನೆ. — 354, ಓದು.

ಆಮೇಲೆ ಕಾಗದ ಬರುತ್ತದೆ. ಕಾಗದದ ತಲೆಯಲ್ಲಿ ಇನ್ನೊಂದು ಸಲ 'ಫ್ರಂ' ಅಂತ ಇರುತ್ತದೆ. ಇಲ್ಲೇ ಎಲ್ಲರೂ ಎಡವುವುದು. ಕಳಿಸಿದವರ ಹೆಸರು ಎರಡು ಕಡೆ ಇದೆ. ಮಾತುಕತೆಯಲ್ಲಿ ಹೇಳಿದ್ದು ಕವರ್ ಮೇಲಿನ ವಿಳಾಸ. ಅದು ಓದುವವರಿಗೆ ಕಾಣುವುದಿಲ್ಲ. ನಿಮ್ಮ ಔಟ್‌ಲುಕ್ಕೋ ಮೊಬೈಲೋ ತೋರಿಸುವುದು ಒಳಗಿನ ಕಾಗದದ 'ಫ್ರಂ'. ಎರಡೂ ಒಂದೇ ಆಗಿರಬೇಕು ಅಂತ ಏನಿಲ್ಲ. ಎರಡನ್ನೂ ಯಾರು ಏನು ಬೇಕಾದರೂ ಬರೆಯಬಹುದು.

ನಿಮ್ಮ ಕೆಲಸದಲ್ಲೇ ನೋಡಿ. ಕೊಯ್ಲಿನ ಸಮಯದಲ್ಲಿ ಗೇಟಿಗೆ ಲಾರಿ ಬರುತ್ತದೆ. ಮೂಟೆ ಮೇಲೆ ಎಸ್ಟೇಟ್ ಹೆಸರು ಬರೆದಿದೆ ಅಂತ ನೀವು ಸುಮ್ನೆ ಇಳಿಸಿಕೊಳ್ಳುತ್ತೀರಾ? ಲಾರಿ ಯಾರದು, ಎಸ್ಟೇಟಿನವರು ಕಳಿಸಿದ ಚೀಟಿ ಇದೆಯಾ, ಚೀಟಿಯ ಹೆಸರೂ ಮೂಟೆಯ ಹೆಸರೂ ಒಂದೇನಾ ಅಂತ ಗೇಟಿನಲ್ಲೇ ಕೇಳುತ್ತೀರಿ. ಮೇಲ್ ಸರ್ವರಿಗೂ ಇಷ್ಟೇ ಕಲಿಸಬೇಕಿರುವುದು. ಮೇಲಿನ ಒಳಗೆ ಯಾವ ಪದ ಇದೆ ಅಂತ ಹುಡುಕಿ ಬ್ಲಾಕ್ ಮಾಡುವುದು ಮೂಟೆ ಬಿಚ್ಚಿ ಕಾಳು ಮೂಸಿದ ಹಾಗೆ. ಬೇಕಾಗುತ್ತದೆ, ಆದರೆ ಗೇಟಿನ ಕೆಲಸ ಆದ ಮೇಲೆ.

ನೀವು ಡೊಮೈನ್ ಬ್ಲಾಕ್ ಮಾಡಿದ್ದು ಯಾಕೆ ಕೈಕೊಟ್ಟಿತು ಅನ್ನುವುದು ಈಗ ನಿಮಗೇ ಗೊತ್ತಾಗಿರಬೇಕು. ನಿಮ್ಮ ಹೆಸರು ಹೇಳಿ ಬರುವವರು ಎರಡು ಥರ. ಪಾಸ್‌ವರ್ಡ್ ಕೊಟ್ಟು ಬರುವ ನಿಮ್ಮ ಸಿಬ್ಬಂದಿ ಒಂದು ಥರ. ಏನೂ ಕೊಡದೆ 25ನೇ ಪೋರ್ಟಿನಲ್ಲಿ (ಸರ್ವರ್‌ಗಳು ಒಂದಕ್ಕೊಂದು ಮೇಲ್ ಕೊಡುವ ಬಾಗಿಲು) ಹೊರಗಿನಿಂದ ಬರುವವರು ಇನ್ನೊಂದು ಥರ. ನಿಮ್ಮ ನಿಯಮ ಇಬ್ಬರನ್ನೂ ಹೊರಗೆ ಹಾಕಿತು. ನಿಯಮ ತಪ್ಪಲ್ಲ, ಅದರ ಜಾಗ ತಪ್ಪು. ಪೋಸ್ಟ್‌ಫಿಕ್ಸ್ ನಿಯಮಗಳನ್ನು ಬರೆದ ಕ್ರಮದಲ್ಲೇ ಓದುತ್ತದೆ. ಮೊದಲು ಹೊಂದಿದ್ದು ಗೆಲ್ಲುತ್ತದೆ.

ಇನ್ನು ಮುಂದೆ ಸೆಟ್ಟಿಂಗ್ ಹೆಸರುಗಳನ್ನು ಕನ್ನಡದಲ್ಲೇ ಬರೆಯುತ್ತೇನೆ. ಫೈಲಿನಲ್ಲಿ ಇಂಗ್ಲಿಷಿನಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ ಬರೆಯಿರಿ.

ಕಳಿಸುವವರನ್ನು ಪರೀಕ್ಷಿಸುವ 'ಎಸ್‌ಎಂಟಿಪಿಡಿ ಸೆಂಡರ್ ರೆಸ್ಟ್ರಿಕ್ಷನ್ಸ್' ಪಟ್ಟಿಯಲ್ಲಿ ಮೊದಲು 'ಪರ್ಮಿಟ್ ಮೈನೆಟ್‌ವರ್ಕ್ಸ್', ಆಮೇಲೆ 'ಪರ್ಮಿಟ್ ಎಸ್‌ಎಎಸ್‌ಎಲ್ ಅಥೆಂಟಿಕೇಟೆಡ್', ಅದಾದ ಮೇಲೆ 'ಚೆಕ್ ಸೆಂಡರ್ ಆಕ್ಸೆಸ್' ಇರಲಿ. ಈ ಮೂರನೆಯದರ ಫೈಲಿನಲ್ಲಿ ನಿಮ್ಮ ಡೊಮೈನ್ ಹೆಸರು, ಎದುರಿಗೆ 'ರಿಜೆಕ್ಟ್'. ಫೈಲ್ ಬರೆದ ಮೇಲೆ ಅದನ್ನು ಪೋಸ್ಟ್‌ಫಿಕ್ಸ್ ಓದುವ ರೂಪಕ್ಕೆ ತರುವ ಪೋಸ್ಟ್‌ಮ್ಯಾಪ್ ಕಮಾಂಡ್ ಓಡಿಸುವುದನ್ನು ಮರೆಯಬೇಡಿ. ಆಗ ಸಿಬ್ಬಂದಿಯ ಮೇಲ್ ಮೊದಲೆರಡು ಸಾಲಿನಲ್ಲೇ ದಾಟಿ ಹೋಗುತ್ತದೆ. ಕವರ್ ಮೇಲೆ ನಿಮ್ಮ ವಿಳಾಸ ಬರೆದುಕೊಂಡು ಹೊರಗಿನಿಂದ ಬಂದವನು ಮೂರನೆಯದರಲ್ಲಿ ಸಿಕ್ಕಿಬೀಳುತ್ತಾನೆ.

ಮೈನೆಟ್‌ವರ್ಕ್ಸ್‌ನಲ್ಲಿ, ಅಂದರೆ ಪಾಸ್‌ವರ್ಡ್ ಕೇಳದೆ ಒಳಗೆ ಬಿಡುವ ಐಪಿಗಳ ಪಟ್ಟಿಯಲ್ಲಿ, ಸರ್ವರಿನ ಸ್ವಂತ ವಿಳಾಸ ಮಾತ್ರ ಇರಲಿ. ಆಫೀಸಿನ ಬ್ರಾಡ್‌ಬ್ಯಾಂಡ್ ಐಪಿಯನ್ನು ಅಲ್ಲಿ ಸೇರಿಸುವ ಅಭ್ಯಾಸ ತುಂಬಾ ಕಡೆ ಇದೆ. ಮಳೆಗಾಲದಲ್ಲಿ ಕರೆಂಟು ಹೋಗಿ ರೂಟರ್ ಹತ್ತು ಸಲ ಆರಿ ಹತ್ತಿದರೆ ಆ ಐಪಿ ಬೇರೆ ಯಾರದೋ ಆಗಿರುತ್ತದೆ. ಆಗ ಆ ಮಹಾಶಯರು ನಿಮ್ಮ ಸರ್ವರ್ ಮೂಲಕ ಪಾಸ್‌ವರ್ಡ್ ಇಲ್ಲದೆ ಮೇಲ್ ಕಳಿಸಬಹುದು.

ಇನ್ನೊಂದು ಸಣ್ಣ ನಿಯಮ, ಆದರೆ ನಿಮ್ಮ ಹೆಡರಿಗೆ ಹೇಳಿ ಮಾಡಿಸಿದ್ದು. ಹೊರಗಿನಿಂದ ಬಂದವನು ನಮಸ್ಕಾರ ಹೇಳುವಾಗ ನಿಮ್ಮ ಸರ್ವರಿನ ಹೆಸರನ್ನೋ ನಿಮ್ಮ ಐಪಿಯನ್ನೋ ಹೇಳಿದರೆ ಅವನು ಖಂಡಿತ ಸುಳ್ಳುಗಾರ. ನಿಮ್ಮ ಸರ್ವರ್ ಹೊರಗಿನಿಂದ ಬಂದು ತನಗೆ ತಾನೇ ಮೇಲ್ ಕೊಡುವುದಿಲ್ಲ. 'ಚೆಕ್ ಹಲೋ ಆಕ್ಸೆಸ್' (ಇಲ್ಲಿ ಹಲೋಗೆ ಇಂಗ್ಲಿಷಿನಲ್ಲಿ ಎಲ್ ಒಂದೇ) ಫೈಲಿನಲ್ಲಿ ಈ ಎರಡು ಸಾಲು ಬರೆದು ರಿಜೆಕ್ಟ್ ಹಾಕಿ. ಇಲ್ಲೂ ಪರ್ಮಿಟ್ ಸಾಲುಗಳು ಮೊದಲು ಬರಬೇಕು. ಎರಡು ಸಾಲಿನ ಕೆಲಸ. ತಪ್ಪಿ ಒಳ್ಳೆಯ ಮೇಲ್ ನಿಲ್ಲಿಸುವ ಭಯ ಇಲ್ಲವೇ ಇಲ್ಲ. ನೀವು ಕಳಿಸಿದ ಆ ಮೇಲ್ ಇದೊಂದರಿಂದಲೇ ನಿಲ್ಲುತ್ತಿತ್ತು.

ಡಿಎನ್ಎಸ್ ಅಂದರೆ ಡೊಮೈನ್ ಹೆಸರುಗಳ ವಿವರ ಇರುವ, ಎಲ್ಲರೂ ನೋಡಬಹುದಾದ ಪಟ್ಟಿ. ಐಪಿಯಿಂದ ಹೆಸರು ಹುಡುಕುವುದು ರಿವರ್ಸ್ ಡಿಎನ್ಎಸ್. ಇದರ ಬಗ್ಗೆ ಸ್ವಲ್ಪ ಹುಷಾರು. ಐಪಿಗೆ ಹೆಸರೇ ಇಲ್ಲದವರನ್ನು ನಿಲ್ಲಿಸಲು 'ರಿಜೆಕ್ಟ್ ಅನ್‌ನೋನ್ ರಿವರ್ಸ್ ಕ್ಲೈಂಟ್ ಹೋಸ್ಟ್‌ನೇಮ್' ಹಾಕಿ. 'ರಿವರ್ಸ್' ಪದ ಇಲ್ಲದ ಇನ್ನೊಂದು ಸೆಟ್ಟಿಂಗ್ ಇದೆ. ಅದು ಹೆಸರು ಇದ್ದರೂ ಎರಡೂ ಕಡೆಯಿಂದ ತಾಳೆ ಆಗದಿದ್ದರೆ ಹೊರಗೆ ಹಾಕುತ್ತದೆ. ನಮ್ಮ ಕಡೆಯ ಎಷ್ಟೋ ಸಣ್ಣ ಕಂಪನಿ, ಸೊಸೈಟಿಗಳ ಸರ್ವರ್‌ಗಳಲ್ಲಿ ಆ ತಾಳೆ ಸರಿ ಇರುವುದಿಲ್ಲ. ಮೂಡಿಗೆರೆಯ ಪ್ಲಾಂಟರ್ ಒಬ್ಬರ ಮೇಲ್ ನಿಂತುಹೋದರೆ ಬೈಗುಳ ತಿನ್ನುವವರು ನೀವು.

ಇಷ್ಟರಿಂದ ಕವರ್ ಮೇಲಿನ ಸುಳ್ಳು ನಿಂತಿತು. ಕಾಗದದ ಒಳಗಿನ 'ಫ್ರಂ' ಇನ್ನೂ ಹಾಗೇ ಇದೆ. ಕಳ್ಳ ಕವರ್ ಮೇಲೆ ತನ್ನದೇ ಯಾವುದೋ ಡೊಮೈನ್ ಬರೆದು, ಒಳಗೆ ಮಾತ್ರ ನಿಮ್ಮ ಮಾಲೀಕರ ವಿಳಾಸ ಹಾಕಿದರೆ ಮೇಲಿನ ನಿಯಮಗಳು ತೆಪ್ಪಗೆ ಬಿಟ್ಟುಬಿಡುತ್ತವೆ.

ಇಲ್ಲಿ ನನ್ನದೇ ಒಂದು ಎಡವಟ್ಟು ಹೇಳಬೇಕು. ತುಂಬಾ ವರ್ಷದ ಹಿಂದೆ ಹಾಸನದ ಒಂದು ಆಫೀಸಿನಲ್ಲಿ ಇದೇ ತೊಂದರೆ. ಪೋಸ್ಟ್‌ಫಿಕ್ಸ್‌ನಲ್ಲಿ 'ಹೆಡರ್ ಚೆಕ್ಸ್' ಅಂತ ಒಂದು ಸೌಲಭ್ಯ ಇದೆ. ಅದರಲ್ಲಿ ಒಂದು ಸಾಲು ಬರೆದೆ: ಒಳಗಿನ 'ಫ್ರಂ'ನಲ್ಲಿ ನಮ್ಮ ಡೊಮೈನ್ ಇದ್ದರೆ ರಿಜೆಕ್ಟ್. ಬೆಳಗ್ಗೆ ಒಂಬತ್ತೂವರೆಗೆ ಹಾಕಿ, ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿದು ವಾಪಸ್ ಬರುವಷ್ಟರಲ್ಲಿ ಇಡೀ ಆಫೀಸಿನ ಮೇಲ್ ಬಂದ್. ಹೆಡರ್ ಚೆಕ್ಸ್‌ಗೆ ಕಣ್ಣು ಒಂದೇ. ಸಾಲು ಓದುತ್ತದೆ, ಆದರೆ ಅದನ್ನು ತಂದವರು ಯಾರು, ಪಾಸ್‌ವರ್ಡ್ ಕೊಟ್ಟಿದ್ದಾರಾ ಅಂತ ಅದಕ್ಕೆ ಗೊತ್ತಿಲ್ಲ. ಹೊರಗೆ ಹೋಗುವ ಮೇಲನ್ನೂ ಅದೇ ಓದುತ್ತದೆ. ನಿಮಗೂ ಈ ಉಪಾಯ ಹೊಳೆದಿದ್ದರೆ ಅಲ್ಲೇ ಬಿಟ್ಟುಬಿಡಿ.

ಒಳಗಿನ 'ಫ್ರಂ' ಕಾಯಲು ಮೂರು ಏರ್ಪಾಡು ಒಟ್ಟಿಗೆ ಬೇಕು. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್. ಹೆಸರು ಕೇಳಿರುತ್ತೀರಿ. ಯಾವುದು ಏನು ಮಾಡುತ್ತದೆ ಅನ್ನುವುದು ಮಾತ್ರ ತುಂಬಾ ಜನರಿಗೆ ಕಲಸುಮೇಲೋಗರ ಆಗಿರುತ್ತದೆ.

ಎಸ್‌ಪಿಎಫ್ ಅಂದರೆ ನಿಮ್ಮ ಡೊಮೈನಿನ ಡಿಎನ್ಎಸ್‌ನಲ್ಲಿ ಹಾಕುವ ಒಂದು ಸಾಲಿನ ಪ್ರಕಟಣೆ. 'ನಮ್ಮ ಹೆಸರಿನ ಮೇಲ್ ಈ ಐಪಿಗಳಿಂದ ಮಾತ್ರ ಹೊರಡುತ್ತದೆ' ಅಂತ. ಇದು ನೋಡುವುದು ಕವರ್ ಮೇಲಿನ ವಿಳಾಸವನ್ನು ಮಾತ್ರ. ಒಳಗಿನ ಕಾಗದ ಮುಟ್ಟುವುದೇ ಇಲ್ಲ. ಒಂದು ಡೊಮೈನಿಗೆ ಒಂದೇ ಎಸ್‌ಪಿಎಫ್ ಸಾಲು ಇರಬೇಕು. ಎರಡಿದ್ದರೆ ಎರಡೂ ಕೆಟ್ಟವು ಅಂತಲೇ ಲೆಕ್ಕ. ಇನ್ನೊಬ್ಬರ ಪಟ್ಟಿಯನ್ನು ಸೇರಿಸುವ 'ಇನ್‌ಕ್ಲೂಡ್' ಮುಂತಾದವುಗಳಿಗೆ ಬೇಕಾಗುವ ಡಿಎನ್ಎಸ್ ಹುಡುಕಾಟ 10 ದಾಟಬಾರದು. ನಿಮ್ಮದು ಒಂದೇ ಸರ್ವರ್ ಆದ್ದರಿಂದ ಈ ತಲೆನೋವು ನಿಮಗಿಲ್ಲ.

ಡಿಕಿಮ್ ಅಂದರೆ ಸೀಲು. ಹೊರಡುವ ಪ್ರತಿ ಮೇಲಿಗೂ ನಿಮ್ಮ ಸರ್ವರ್ ಒಂದು ಗುಟ್ಟಿನ ಕೀಲಿಯಿಂದ ಸಹಿ ಹಾಕುತ್ತದೆ. ಆ ಸಹಿ ಪರೀಕ್ಷಿಸುವ ಇನ್ನೊಂದು ಕೀಲಿ ಡಿಎನ್ಎಸ್‌ನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇರುತ್ತದೆ. 2048 ಬಿಟ್ ಕೀಲಿ ಮಾಡಿಕೊಳ್ಳಿ. ಡಿಎನ್ಎಸ್‌ನ ಒಂದು ತುಂಡಿನಲ್ಲಿ 255 ಅಕ್ಷರಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ. ಈ ಕೀಲಿ ಅದಕ್ಕಿಂತ ಉದ್ದ. ಆದ್ದರಿಂದ ಎರಡು ತುಂಡು ಮಾಡಿ ಹಾಕಬೇಕಾಗಬಹುದು. ಕೆಲವು ಕಂಟ್ರೋಲ್ ಪ್ಯಾನೆಲ್‌ಗಳು ತಾವೇ ತುಂಡು ಮಾಡುತ್ತವೆ, ಕೆಲವು ಸದ್ದಿಲ್ಲದೆ ಬಾಲ ಕತ್ತರಿಸಿ ಹಾಕುತ್ತವೆ. ಹಾಕಿದ ಮೇಲೆ ಒಂದು ಸಲ ಡಿಎನ್ಎಸ್‌ನಿಂದ ವಾಪಸ್ ಓದಿ ನೋಡಿ.

ಎಸ್‌ಪಿಎಫ್ ಇದ್ದರೆ ಸಾಲದಾ, ಡಿಕಿಮ್ ಯಾಕೆ ಅಂತ ಕೇಳುತ್ತೀರೇನೋ. ಫಾರ್ವರ್ಡ್ ಆದಾಗ ಗೊತ್ತಾಗುತ್ತದೆ. ನಿಮ್ಮ ಬೈಯರ್ ಒಬ್ಬರು ಹಳೇ ವಿಳಾಸಕ್ಕೆ ಬಂದದ್ದನ್ನೆಲ್ಲ ಜಿಮೇಲ್‌ಗೆ ಫಾರ್ವರ್ಡ್ ಮಾಡಿಕೊಂಡಿರುತ್ತಾರೆ. ಆಗ ನಿಮ್ಮ ಮೇಲ್ ಜಿಮೇಲ್ ಬಾಗಿಲಿಗೆ ಹೋಗುವುದು ಅವರ ಸರ್ವರಿನ ಐಪಿಯಿಂದ. ಎಸ್‌ಪಿಎಫ್ ಫೇಲ್. ಆದರೆ ಸೀಲು ಕಾಗದದ ಮೇಲೇ ಇದೆ. ಮಧ್ಯದಲ್ಲಿ ಯಾರೂ ಕಾಗದ ತಿದ್ದದಿದ್ದರೆ ಡಿಕಿಮ್ ಪಾಸ್.

ಮೂರನೆಯದು ಡಿಮಾರ್ಕ್. 2012ರಲ್ಲಿ ಮೊದಲು ಹೊರಬಂತು, 2015ರಲ್ಲಿ ಆರ್‌ಎಫ್‌ಸಿ 7489 (ಇಂಟರ್ನೆಟ್ ಪದ್ಧತಿಗಳನ್ನು ವಿವರಿಸುವ ದಾಖಲೆ) ಆಗಿ ಬರೆದಿಟ್ಟರು. ನಿಮಗೆ ಬೇಕಿರುವ ಪ್ರಶ್ನೆ ಕೇಳುವುದು ಇದೊಂದೇ: ಓದುವವರಿಗೆ ಕಾಣುವ 'ಫ್ರಂ'ನ ಡೊಮೈನೂ, ಎಸ್‌ಪಿಎಫ್ ಅಥವಾ ಡಿಕಿಮ್ ಪಾಸ್ ಮಾಡಿದ ಡೊಮೈನೂ ಒಂದೇನಾ? ಚೀಟಿಯ ಹೆಸರೂ ಮೂಟೆಯ ಹೆಸರೂ ಒಂದೇನಾ ಅಂತ ಕೇಳಿದ ಹಾಗೆ. ಎರಡರಲ್ಲಿ ಒಂದು ತಾಳೆಯಾದರೂ ಸಾಕು. ಎರಡೂ ಆಗದಿದ್ದರೆ ಏನು ಮಾಡಬೇಕು ಅಂತ ನೀವೇ ಡಿಎನ್ಎಸ್‌ನಲ್ಲಿ ಹೇಳಿಟ್ಟಿರುತ್ತೀರಿ. 'ನನ್' ಅಂದರೆ ಸುಮ್ಮನೆ ಲೆಕ್ಕ ಇಡಿ, 'ಕ್ವಾರಂಟೀನ್' ಅಂದರೆ ಸ್ಪ್ಯಾಮ್ ಫೋಲ್ಡರಿಗೆ ಹಾಕಿ, 'ರಿಜೆಕ್ಟ್' ಅಂದರೆ ಬಾಗಿಲಲ್ಲೇ ವಾಪಸ್ ಕಳಿಸಿ.

ನೇರ ರಿಜೆಕ್ಟ್ ಹಾಕಬೇಡಿ. ಮೊದಲು 'ನನ್' ಹಾಕಿ, 'ಆರ್‌ಯುಎ' ಜಾಗದಲ್ಲಿ ವರದಿ ಬರಲು ಒಂದು ಪ್ರತ್ಯೇಕ ಮೇಲ್‌ಬಾಕ್ಸ್ ವಿಳಾಸ ಕೊಡಿ. ಗೂಗಲ್, ಯಾಹೂ ಥರದವರು ದಿನಕ್ಕೊಂದು ವರದಿ ಕಳಿಸುತ್ತಾರೆ. ಎಕ್ಸ್‌ಎಂಎಲ್ ಫೈಲು, ಕಣ್ಣಿಗೆ ಹಿತವಲ್ಲ, ಆದರೆ ಅದರಲ್ಲಿ ನಿಮಗೆ ಬೇಕಾದ್ದು ಎರಡೇ: ಯಾವ ಐಪಿ, ಪಾಸಾ ಫೇಲಾ. ಮೂರ್ನಾಲ್ಕು ವಾರ ನೋಡಿ. ನಿಮ್ಮ ಹೆಸರಲ್ಲಿ ಯಾರು ಯಾರು ಮೇಲ್ ಕಳಿಸುತ್ತಿದ್ದಾರೆ ಅನ್ನುವುದು ಆಗ ಗೊತ್ತಾಗುತ್ತದೆ, ನಿಮ್ಮವರೇ ಮರೆತವರೂ ಸೇರಿ. ವೆಬ್‌ಸೈಟಿನ ವಿಚಾರಣೆ ಫಾರಂ, ಬಿಲ್ಲಿಂಗ್ ಸಾಫ್ಟ್‌ವೇರ್, ಹಬ್ಬಕ್ಕೆ ಶುಭಾಶಯ ಕಳಿಸಲು ಯಾರೋ ತೆಗೆದುಕೊಂಡ ಬಲ್ಕ್ ಮೇಲ್ ಸೇವೆ. ಒಂದೊಂದನ್ನೂ ಸರಿಮಾಡಿ ಆಮೇಲೆ ಕ್ವಾರಂಟೀನ್, ಕೊನೆಗೆ ರಿಜೆಕ್ಟ್.

ಈಗ ಮುಖ್ಯ ವಿಷಯ. ಡಿಮಾರ್ಕ್‌ನಲ್ಲಿ ರಿಜೆಕ್ಟ್ ಅಂತ ಬರೆದರೆ ಕೆಲಸ ಮುಗಿಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮಾರನೇ ದಿನ ಮತ್ತೆ ಮಾಲೀಕರ ಹೆಸರಿನ ಸ್ಪ್ಯಾಮ್ ಬರುತ್ತದೆ. ಯಾಕೆ? ಡಿಎನ್ಎಸ್‌ನಲ್ಲಿ ಬರೆದದ್ದು ಊರಿಗೆಲ್ಲ ಹೇಳಿದ ಮಾತು. ಗೂಗಲ್ ಓದುತ್ತದೆ, ಯಾಹೂ ಓದುತ್ತದೆ. ನಿಮ್ಮ ಪೋಸ್ಟ್‌ಫಿಕ್ಸ್ ಓದುವುದಿಲ್ಲ! ಅದಕ್ಕೆ ಓದಲು ಬರುವುದೇ ಇಲ್ಲ. ಅದರ ಪಕ್ಕದಲ್ಲಿ ಓದಿ ಹೇಳುವ ಒಬ್ಬರನ್ನು ಕೂರಿಸಬೇಕು. ಒಂದೋ ಓಪನ್‌ಡಿಕಿಮ್, ಓಪನ್‌ಡಿಮಾರ್ಕ್ ಜೋಡಿ, ಇಲ್ಲವೇ ಆರ್‌ಸ್ಪ್ಯಾಮ್‌ಡಿ ಎಂಬ ಸಾಫ್ಟ್‌ವೇರ್. ನನ್ನನ್ನು ಕೇಳಿದರೆ ಆರ್‌ಸ್ಪ್ಯಾಮ್‌ಡಿ. ಸಹಿ ಹಾಕುವುದು, ಎಸ್‌ಪಿಎಫ್, ಡಿಮಾರ್ಕ್, ಪದ ನೋಡಿ ಅಂಕ ಕೊಡುವುದು, ಎಲ್ಲಾ ಒಂದೇ ಕಡೆ. 35 ಮೇಲ್‌ಬಾಕ್ಸ್ ನಿಮ್ಮ ಸರ್ವರಿಗೆ ಹೊರೆಯೂ ಅಲ್ಲ.

ಕೂರಿಸಿದರೂ ಇನ್ನೊಂದು ಗುಂಡಿ ಇದೆ. ಓಪನ್‌ಡಿಮಾರ್ಕ್ ಇನ್‌ಸ್ಟಾಲ್ ಮಾಡಿದ ಹೊಸದರಲ್ಲಿ ಫೇಲ್ ಆದ ಮೇಲಿಗೆ 'ಫೇಲ್' ಅಂತ ಒಂದು ಸಾಲು ಬರೆದು ಒಳಗೇ ಬಿಡುತ್ತದೆ. 'ರಿಜೆಕ್ಟ್ ಫೇಲ್ಯೂರ್ಸ್' ಅನ್ನುವುದನ್ನು ನೀವೇ 'ಟ್ರೂ' ಮಾಡಬೇಕು. ಜೊತೆಗೆ 'ಇಗ್ನೋರ್ ಅಥೆಂಟಿಕೇಟೆಡ್ ಕ್ಲೈಂಟ್ಸ್' ಕೂಡ ಟ್ರೂ, ಇಲ್ಲದಿದ್ದರೆ ಮತ್ತೆ ಗೋಡೌನ್‌ನಿಂದ ಫೋನ್ ಬರುತ್ತದೆ. ಈ ಎರಡು ಹೆಸರುಗಳಿಗೆ ಮಾತ್ರ ಅಂಡರ್‌ಸ್ಕೋರ್ ಬೇಡ, ಪದಗಳನ್ನು ಕೂಡಿಸಿಯೇ ಬರೆಯಿರಿ. ಆರ್‌ಸ್ಪ್ಯಾಮ್‌ಡಿಯಲ್ಲೂ ಹೀಗೆಯೇ. ಅದರ ಡಿಮಾರ್ಕ್ ಫೈಲಿನಲ್ಲಿ 'ಆಕ್ಷನ್ಸ್' ಅಂತ ಬರೆದು, ರಿಜೆಕ್ಟ್ ಎಂದವರಿಗೆ ರಿಜೆಕ್ಟ್, ಕ್ವಾರಂಟೀನ್ ಎಂದವರಿಗೆ ಹೆಡರ್ ಸೇರಿಸು ಅಂತ ಹೇಳಿಕೊಡಬೇಕು. ಹೇಳದಿದ್ದರೆ ಬರೀ ಅಂಕ ಕೂಡಿಸುತ್ತಾ ಕೂರುತ್ತದೆ. 'ಡಿಮಾರ್ಕ್ ಇದೆ ಸರ್, ಆದ್ರೂ ಬರುತ್ತೆ' ಅನ್ನುವ ದೂರು ಬಂದರೆ ನಾನು ಮೊದಲು ನೋಡುವುದು ಈ ಒಂದು ಸಾಲು.

ಇದು ಸರಿಯಾದರೆ ಬ್ಯಾಂಕ್ ಹೆಸರಿನ ನಕಲಿ ಮೇಲ್‌ಗಳೂ ಒಂದಷ್ಟು ತಾವಾಗಿಯೇ ನಿಲ್ಲುತ್ತವೆ. ರಿಜೆಕ್ಟ್ ಎಂದು ಬರೆದಿಟ್ಟ ಯಾವ ಬ್ಯಾಂಕಿನ ಮಾತನ್ನೂ ಈಗ ನಿಮ್ಮ ಸರ್ವರ್ ಕೇಳುತ್ತದೆ. ರಿಸರ್ವ್ ಬ್ಯಾಂಕ್ 2025ರಲ್ಲಿ ಬ್ಯಾಂಕುಗಳಿಗೆಲ್ಲ 'ಡಾಟ್ ಬ್ಯಾಂಕ್ ಡಾಟ್ ಇನ್' ಡೊಮೈನಿಗೆ ಹೋಗಲು ಹೇಳಿ, ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ಅಕೌಂಟ್ಸ್‌ನವರಿಗೆ ಆ ಬಾಲ ನೋಡುವ ಅಭ್ಯಾಸ ಮಾಡಿಸಿ.

ರಿಜೆಕ್ಟ್ ಅನ್ನುವ ಪದವನ್ನು ಇಷ್ಟು ಸಲ ಹೇಳಿದೆ. ಅದನ್ನು ಮಾತುಕತೆ ನಡೆಯುವಾಗಲೇ ಮಾಡಬೇಕು, 550 ಅಂತ ಬಾಗಿಲಲ್ಲೇ. ಮೇಲ್ ಒಳಗೆ ತೆಗೆದುಕೊಂಡು, ಆಮೇಲೆ ಪರೀಕ್ಷಿಸಿ, 'ಬೇಡ' ಅಂತ ವಾಪಸ್ ಕಳಿಸಿದರೆ ಅದು ಯಾರಿಗೆ ಹೋಗುತ್ತದೆ ಹೇಳಿ? ಕವರ್ ಮೇಲೆ ಹೆಸರಿರುವ ಪಾಪದವರಿಗೆ. ನಿಮಗೆ ದಿನಾ ಬರುತ್ತಿರುವ ನೂರಾರು 'ತಲುಪಲಿಲ್ಲ' ಮೇಲ್‌ಗಳು ಹುಟ್ಟಿದ್ದೇ ಹೀಗೆ. ಎಲ್ಲೋ ಯಾರೋ ನಿಮ್ಮ ಹೆಸರಲ್ಲಿ ಕಳಿಸಿದ್ದನ್ನು ಇನ್ಯಾರದೋ ಸರ್ವರ್ ಒಳಗೆ ತೆಗೆದುಕೊಂಡು, ಆಮೇಲೆ ನಿಮ್ಮ ಮನೆ ಬಾಗಿಲಿಗೆ ತಂದು ಸುರಿಯುತ್ತಿದೆ. ನೀವೂ ಬೇರೆಯವರಿಗೆ ಅದನ್ನೇ ಮಾಡುತ್ತಿಲ್ಲ ತಾನೇ? ಯಾರ ಯಾರ ಮೇಲ್‌ಬಾಕ್ಸ್ ಇದೆ ಅಂತ ಹೇಳುವ 'ಲೋಕಲ್ ರೆಸಿಪಿಯೆಂಟ್ ಮ್ಯಾಪ್ಸ್' ಖಾಲಿ ಬಿಟ್ಟಿದ್ದರೆ ನಿಮ್ಮ ಸರ್ವರ್ ಇಲ್ಲದವರ ಮೇಲನ್ನೂ ಒಳಗೆ ತೆಗೆದುಕೊಂಡು ವಾಪಸ್ ಎಸೆಯುತ್ತಿರುತ್ತದೆ. ಮೇಲ್‌ಬಾಕ್ಸ್ ಪಟ್ಟಿಯನ್ನು ಬೇರೆ ಕಡೆ ಇಟ್ಟಿದ್ದರೆ ಆಯಾ ಮ್ಯಾಪ್ ಅನ್ನೂ ನೋಡಿ.

ಆ ವಾಪಸ್ ಮೇಲ್‌ಗಳನ್ನು ನಿಲ್ಲಿಸಲು ಒಂದು ಕೆಟ್ಟ ಉಪಾಯ ಇದೆ. ಅವುಗಳ ಕವರ್ ಮೇಲೆ ಕಳಿಸಿದವರ ವಿಳಾಸ ಖಾಲಿ ಇರುತ್ತದೆ, ಹಾಗಾಗಿ ಖಾಲಿ ವಿಳಾಸದ್ದನ್ನೆಲ್ಲ ಬ್ಲಾಕ್ ಮಾಡುವುದು. ಮಾಡಬೇಡಿ. ನಿಜವಾಗಿ ನಿಮ್ಮ ಕೊಟೇಶನ್ ಬೈಯರ್‌ಗೆ ತಲುಪದೇ ಹೋದರೆ ಗೊತ್ತಾಗುವುದು ಅಂಥ ಮೇಲಿನಿಂದಲೇ. ಎಸ್‌ಪಿಎಫ್ ಕೊನೆಯಲ್ಲಿ 'ಮೈನಸ್ ಆಲ್' (ಪಟ್ಟಿಯಲ್ಲಿ ಇಲ್ಲದವರು ಯಾರೂ ನಮ್ಮವರಲ್ಲ ಅಂತ) ಹಾಕಿ ಡಿಮಾರ್ಕ್ ರಿಜೆಕ್ಟಿಗೆ ಬಂದ ಮೇಲೆ ಈ ಗಲಾಟೆ ಬಹಳ ಕಡಿಮೆಯಾಗುತ್ತದೆ. ನಿಮ್ಮ ಹೆಸರು ಹಾಕಿದರೆ ಮೇಲ್ ಎಲ್ಲೂ ದಾಟುವುದಿಲ್ಲ ಅಂತಾದರೆ ಅವರು ಬೇರೆ ಬಡಪಾಯಿಯ ಹೆಸರು ಹುಡುಕಿಕೊಳ್ಳುತ್ತಾರೆ.

ಬ್ಲಾಕ್‌ಲಿಸ್ಟ್ ಸೇವೆಗಳ ಬಗ್ಗೆ ಒಂದೇ ಮಾತು. ಸ್ಪ್ಯಾಮ್ ಕಳಿಸುವ ಐಪಿಗಳನ್ನು ಗುರುತಿಸಿಡುವ ಸ್ಪ್ಯಾಮ್‌ಹೌಸ್‌ನ ಪಟ್ಟಿ ಒಳ್ಳೆಯದೇ. ಆದರೆ ನಿಮ್ಮ ಸರ್ವರ್ 8.8.8.8 ಥರದ ಸಾರ್ವಜನಿಕ ಡಿಎನ್ಎಸ್ ಬಳಸುತ್ತಿದ್ದರೆ ಅದು ಪಟ್ಟಿಯ ಬದಲು 127.255.255.254 ಅಂತ ದೋಷದ ಉತ್ತರ ಕೊಡುತ್ತದೆ. ಯಾವ ಉತ್ತರ ಬಂದರೂ 'ಇವನು ಕಳ್ಳ' ಅಂತ ತಿಳಿಯುವ ಹಾಗೆ ನೀವು ಬರೆದಿದ್ದರೆ ಪ್ರಪಂಚದ ಎಲ್ಲರೂ ಕಳ್ಳರಾಗುತ್ತಾರೆ. ಸರ್ವರಿನಲ್ಲೇ ಅನ್‌ಬೌಂಡ್ ಎಂಬ ಡಿಎನ್ಎಸ್ ಸಾಫ್ಟ್‌ವೇರ್ ಹಾಕಿಕೊಂಡು ಅದನ್ನೇ ಕೇಳುವ ಹಾಗೆ ಮಾಡಿ. ಗ್ರೇಲಿಸ್ಟಿಂಗ್ ನಿಮಗೆ ಬೇಡ ಅಂತ ನನ್ನ ಅಭಿಪ್ರಾಯ. ಹೊಸಬರ ಮೇಲನ್ನು ಮೊದಲ ಸಲ 'ಆಮೇಲೆ ಬಾ' ಅಂತ ತಿರುಗಿಸುತ್ತದೆ. ಮೇಲಿನಲ್ಲಿ ಬರುವ ಓಟಿಪಿ ಅಷ್ಟರಲ್ಲಿ ಸತ್ತಿರುತ್ತದೆ.

ಇಷ್ಟೆಲ್ಲ ಮಾಡಿದರೂ ನಿಲ್ಲದ ಮೂರು ಇವೆ, ಮಾಲೀಕರಿಗೂ ಹೇಳಿಡಿ. ಒಂದು, ಹೆಸರು ಮಾತ್ರ ಮಾಲೀಕರದ್ದು, ವಿಳಾಸ ಯಾವುದೋ ಜಿಮೇಲ್. ಮೊಬೈಲಿನಲ್ಲಿ ಹೆಸರಷ್ಟೇ ಕಾಣುತ್ತದೆ, ವಿಳಾಸ ಒತ್ತಿ ನೋಡಬೇಕು. ಆ ಜಿಮೇಲ್ ನಿಜವಾದ ಜಿಮೇಲೇ ಆದ್ದರಿಂದ ಡಿಮಾರ್ಕ್ ಪಾಸ್. ಎರಡು, ಒಂದು ಅಕ್ಷರ ಆಚೀಚೆ ಮಾಡಿ ಕೊಂಡ ಡೊಮೈನ್. ಅದೂ ಪಾಸ್. ಮೂರು, ಎದುರಿನವರ ಮೇಲ್‌ಬಾಕ್ಸೇ ನಿಜವಾಗಿ ಕಳ್ಳರ ಕೈಗೆ ಸಿಕ್ಕಿರುವುದು. ಇದಕ್ಕೆ ನಿಮ್ಮ ಸರ್ವರ್ ಏನೂ ಮಾಡಲಾರದು.

ನಿಮ್ಮಂಥವರಿಗೆ ನಿಜವಾದ ಅಪಾಯ ಮಾಲೀಕರ ಹೆಸರಲ್ಲಿ ನಿಮಗೆ ಬರುವ ಮೇಲಿಗಿಂತ ನಿಮ್ಮ ಹೆಸರಲ್ಲಿ ಬೈಯರ್‌ಗೆ ಹೋಗುವ ಮೇಲಿನಲ್ಲಿದೆ. 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ' ಅಂತ ಒಂದು ಸಾಲು. ಇಪ್ಪತ್ತಡಿ ಕಂಟೇನರಿನಲ್ಲಿ 60 ಕೆಜಿಯ 320 ಮೂಟೆ, 19.2 ಟನ್ ಕಾಫಿ. ಅಷ್ಟೂ ಹಣ ಒಂದೇ ಟ್ರಾನ್ಸ್‌ಫರಿನಲ್ಲಿ ಬೇರೆ ಕಡೆ ಹೋಗುತ್ತದೆ. ಡಿಮಾರ್ಕ್ ರಿಜೆಕ್ಟ್ ಇಲ್ಲಿ ಬೈಯರ್‌ನ ಕಡೆ ನಿಂತು ನಿಮ್ಮ ಹೆಸರು ಕಾಯುತ್ತದೆ. ಅದಕ್ಕೇ ಆ ಹಂತದವರೆಗೂ ಹೋಗಲೇಬೇಕು, 'ನನ್'ನಲ್ಲಿ ಹಾಕಿ ಮರೆತುಬಿಡಬೇಡಿ. ಜೊತೆಗೆ ಬೈಯರ್‌ಗಳಿಗೆಲ್ಲ ಈಗಲೇ ತಿಳಿಸಿ: ಖಾತೆ ಬದಲಾವಣೆ ಅಂತ ಮೇಲ್ ಬಂದರೆ ಮೊದಲಿನಿಂದ ಇರುವ ನಂಬರಿಗೆ ಫೋನ್ ಮಾಡಿ ಕೇಳಿ, ಮೇಲಿನಲ್ಲಿ ಕೊಟ್ಟ ನಂಬರಿಗಲ್ಲ. ನಿಮ್ಮಲ್ಲೂ ಇದೇ ನಿಯಮ ಇರಲಿ. ಅಕಸ್ಮಾತ್ ಹಣ ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. ಹಣ ಎರಡನೇ ಮೂರನೇ ಖಾತೆಗೆ ಹಾರುವ ಮೊದಲು ಹಿಡಿದರೆ ಉಂಟು.

ಶುರು ಮಾಡುವಾಗ ಹಲೋ ನಿಯಮ ಮತ್ತು ಸೆಂಡರ್ ನಿಯಮ ಎರಡನ್ನೂ 'ವಾರ್ನ್ ಇಫ್ ರಿಜೆಕ್ಟ್' ಅನ್ನುವ ಪದ ಮುಂದೆ ಸೇರಿಸಿ ಹಾಕಿ. ಆಗ ಮೇಲ್ ನಿಲ್ಲುವುದಿಲ್ಲ, ನಿಲ್ಲುತ್ತಿದ್ದದ್ದು ಯಾವುದು ಅಂತ ಲಾಗಿನಲ್ಲಿ ಬೀಳುತ್ತದೆ. ಎರಡು ದಿನ ಲಾಗ್ ಓದಿ, ಆ ಪದ ತೆಗೆಯಿರಿ. ಶನಿವಾರ ಸಂಜೆ ತೆಗೆಯಬೇಡಿ. ಮಂಗಳವಾರ ಬೆಳಗ್ಗೆ, ಎಲ್ಲರೂ ಆಫೀಸಿನಲ್ಲಿ ಇರುವಾಗ ತೆಗೆಯಿರಿ.

ಅದಕ್ಕೂ ಮೊದಲು ಗೋಡೌನ್‌ಗೆ ಒಂದು ಸಲ ಹೋಗಿ ಬನ್ನಿ. ಅಲ್ಲಿ ಬಿಲ್ ಸ್ಕ್ಯಾನ್ ಮಾಡಿ ಮೇಲ್ ಕಳಿಸುವ ಜೆರಾಕ್ಸ್ ಮೆಷಿನ್ ಇದ್ದರೆ, ಅದು ಪಾಸ್‌ವರ್ಡ್ ಇಲ್ಲದೆ 25ನೇ ಪೋರ್ಟಿನಲ್ಲಿ ನಿಮ್ಮ ವಿಳಾಸ ಹೇಳಿಕೊಂಡೇ ಕಳಿಸುತ್ತಿರುವ ಸಾಧ್ಯತೆ ಜಾಸ್ತಿ. ನಿಮ್ಮ ಹೊಸ ನಿಯಮದ ಕಣ್ಣಿಗೆ ಅದೂ ಕಳ್ಳನೇ. ಅದಕ್ಕೊಂದು ಸ್ವಂತ ಮೇಲ್‌ಬಾಕ್ಸ್ ಮಾಡಿ, ಪಾಸ್‌ವರ್ಡ್ ಕೊಟ್ಟು, ಸಿಬ್ಬಂದಿ ಪಾಸ್‌ವರ್ಡ್‌ನೊಂದಿಗೆ ಮೇಲ್ ಕಳಿಸುವ 587ನೇ ಪೋರ್ಟಿಗೆ ಬದಲಾಯಿಸಿ. ಹಳೇ ಮೆಷಿನ್ ಆಗಿದ್ದು 587 ಒಪ್ಪದಿದ್ದರೆ ಮಾದರಿ ಯಾವುದು ಅಂತ ಬರೆದು ತಿಳಿಸಿ, ಬೇರೆ ದಾರಿ ನೋಡೋಣ.